ಅಪ್ಪನ ದನಿ ಇದ್ದ ಡ್ರೈವ್

ಲ್ಯಾಬಿನಿಂದ
ಹದಿನಾಲ್ಕನೇ ತಾರೀಕು, ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನು ನೋವು ಕಮ್ಮಿ ಆಯ್ತಾ? ಇಂಜಿನ್ ರೂಮಿನ ಬಿಸಿಗೆ ಕತ್ತಿನ ಸುತ್ತ ಬೊಕ್ಕೆ ಎದ್ದಿತ್ತಲ್ಲ, ಅದು ಆರಿತಾ? ನಾನು ಕಟ್ಟಿಕೊಟ್ಟ ಮುಲಾಮು ಹಚ್ಕೊಂಡೆಯೋ, ಇಲ್ಲ ಅದು ಟ್ರಂಕಿನ ತಳದಲ್ಲೇ ಮಲಗಿದೆಯೋ? ಹೋದ ಸಲ ಕಳಿಸಿದ ಫೋಟೋದಲ್ಲಿ ಕೆನ್ನೆ ಒಳಗೆ ಹೋಗಿದೆ. ಅಮ್ಮ ಅದನ್ನ ದೊಡ್ಡದು ಮಾಡಿ ಮಾಡಿ ನೋಡ್ತಾಳೆ. ಹಡಗಿನ ಅಡುಗೆಯವನನ್ನ ಬೈಬೇಡ, ನೀನು ಮನೆಯಲ್ಲೂ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು ಹೋಗೋನೇ. ಹೊಟ್ಟೆ ತುಂಬ ತಿನ್ನು, ನೀರು ಕುಡಿ.

ಈ ಕಾಲದಲ್ಲಿ ಕಾಗದ ಬರೆಯೋ ಅಕ್ಕ ಇದ್ದಾಳಾ ಅಂತ ನಿನ್ನ ಜೊತೆಯವರು ನಗಬಹುದು. ನಗಲಿ ಬಿಡು. ಫೋನಲ್ಲಿ ಹೇಳೋಣ ಅಂದ್ರೆ ಗೋಡೆಗೆ ಕಿವಿ ಇರೋ ಮಾತು ಹಾಗಿರಲಿ, ಅಮ್ಮನೇ ಎರಡು ಕಿವಿ ಇಟ್ಕೊಂಡು ಪಕ್ಕದಲ್ಲಿ ನಿಂತಿರ್ತಾಳೆ. ಮೆಸೇಜ್ ಹಾಕೋಣ ಅಂದ್ರೆ ನನ್ನ ಫೋನು ಯಾವಾಗ ನೋಡಿದರೂ ಅವಳ ಕೈಯಲ್ಲಿ, ಹಡಗಿಂದ ಏನಾದರೂ ಬಂತಾ ಅಂತ. ಅದಕ್ಕೇ ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ, ರಕ್ತದ ಟ್ಯೂಬುಗಳ ಪಕ್ಕದಲ್ಲಿ ಜಾಗ ಮಾಡ್ಕೊಂಡು ಬರೀತಿದ್ದೀನಿ. ನಿಮ್ಮ ಕಂಪನಿ ಆಫೀಸಿನವರು ಮುಂದಿನ ಬಂದರಿಗೆ ಹೋಗೋ ಚೀಲದಲ್ಲಿ ಹಾಕ್ತೀವಿ ಅಂದಿದ್ದಾರೆ. ದಡ ಮುಟ್ಟಿದ ಕೂಡಲೇ ಇದು ನಿನ್ನ ಕೈಗೆ ಸಿಗಬೇಕು, ಇಲ್ಲದಿದ್ದರೆ ಬರೆದೂ ಪ್ರಯೋಜನ ಇಲ್ಲ.

ಇಲ್ಲಿ ಎಲ್ಲರೂ ಇದ್ದೀವಿ. ಚೆನ್ನಾಗಿದ್ದೀವಿ ಅಂತ ಬರೆಯೋಕೆ ಕೈ ಬರ್ತಿಲ್ಲ. ನಿನ್ನ ಭಾವ ಲಾರಿ ತಗೊಂಡು ಹೋದವರು ಇನ್ನೂ ವಾಪಸ್ ಬಂದಿಲ್ಲ. ನನ್ನ ಮಗಳಿಗೆ ಮುಂದಿನ ಹಲ್ಲು ಎರಡೂ ಬಿದ್ದು ಮಾತೆಲ್ಲ ಬರೀ ಗಾಳಿ, ಆದರೂ ಬಾಯಿ ಮುಚ್ಚಲ್ಲ. ಮಾಮ ಬರೋವಾಗ ಸಮುದ್ರದ ನೀರು ಒಂದು ಬಾಟಲಿ ತರಬೇಕಂತೆ. ಅಮ್ಮ ಮತ್ತೆ ಹೊಲಿಗೆಗೆ ಕೂತಿದ್ದಾಳೆ, ಕೂರದಿದ್ದರೆ ಅವಳಿಗೆ ಹುಚ್ಚು ಹಿಡಿಯುತ್ತೆ. ಅಪ್ಪನ ಗಾಯ ಮಾಗಿದೆ. ಕತ್ತಿನ ಬುಡದಲ್ಲಿ ತೂತು, ಅದರ ಮೇಲೆ ಅಮ್ಮ ಹೊಲಿದುಕೊಟ್ಟ ತೆಳು ಬಟ್ಟೆ. ಉಸಿರಾಡೋದು ಅಲ್ಲಿಂದಲೇ. ಡಾಕ್ಟ್ರು ಗೆಡ್ಡೆ ಪೂರ್ತಿ ತೆಗೆದಿದ್ದೀವಿ, ಜೀವಕ್ಕೆ ಭಯ ಇಲ್ಲ ಅಂತಾರೆ. ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರಲ್ಲ, ಅದರ ಮಾತು ಅವರು ಎತ್ತಲ್ಲ.

ಮಾರ್ಕೆಟ್ಟಿನವರು ನೋಡೋಕೆ ಬಂದಿದ್ದರು. ತರಕಾರಿ ಹರಾಜಿಗೆ ಅಪ್ಪ ನಿಂತು ಕೂಗಿದರೆ ಆಚೆ ಗೇಟಿನ ಲಾರಿಯಲ್ಲಿ ಮಲಗಿದ ಡ್ರೈವರೂ ಎದ್ದು ಕೂರ್ತಿದ್ದ, ಮೈಕು ಬೇಕಾಗದ ಗಂಟಲು ಅಂತಲೇ ‘ಮೈಕು’ ಅನ್ನೋ ಹೆಸರು ಬಿದ್ದದ್ದು. ಆ ಹೆಸರಿಟ್ಟವರೇ ಬಂದು ಸಾಲಾಗಿ ಮಂಚದ ಸುತ್ತ ನಿಂತ್ಕೊಂಡರು. ಅಪ್ಪ ಅಭ್ಯಾಸಬಲದಿಂದ ಬನ್ನಿ ಬನ್ನಿ ಅನ್ನೋಕೆ ಬಾಯಿ ತೆಗೆದರು. ಏನೂ ಬರಲಿಲ್ಲ. ಕತ್ತಿನ ಬಟ್ಟೆ ಮಾತ್ರ ಒಂದು ಸಲ ಉಬ್ಬಿ ಇಳಿಯಿತು. ಅಷ್ಟು ದೊಡ್ಡ ಗಂಡಸರು, ಮೂಟೆ ಹೊರೋರು, ನೆಲ ನೋಡ್ತಾ ನಿಂತುಬಿಟ್ಟರು ಕಣೋ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆಸ್ಪತ್ರೆಯಲ್ಲಿ ಮಾತು ಕಲಿಸೋ ಮೇಡಂ ಆಪರೇಷನ್‌ಗೆ ಮುಂಚೆಯೇ ದಾರಿ ತೋರಿಸಿದ್ದರಲ್ಲ, ಅದೊಂದೇ ನಮಗೆಲ್ಲ ಧೈರ್ಯ. ಅಪ್ಪ ತಮ್ಮ ದನಿಯಲ್ಲಿ ಸಾಕಷ್ಟು ವಾಕ್ಯ ಓದಿ ರೆಕಾರ್ಡ್ ಮಾಡಿ ಇಟ್ಟರೆ, ಆಮೇಲೆ ಅವರು ಏನು ಟೈಪ್ ಮಾಡಿದರೂ ಯಂತ್ರ ಅವರದೇ ದನಿಯಲ್ಲಿ ಹೇಳುತ್ತೆ. ಅಪ್ಪ ಅದನ್ನ ಎಷ್ಟು ಶ್ರದ್ಧೆಯಿಂದ ಮಾಡಿದರು ಅಂತ ನೀನು ನೋಡಬೇಕಿತ್ತು. ದಿನಾ ಊಟ ಆದ ಮೇಲೆ, ರಸ್ತೆ ಸದ್ದು ಕಮ್ಮಿ ಆದಾಗ, ಕಿಟಕಿ ಮುಚ್ಚಿ, ನೋಯೋ ಗಂಟಲಿಗೆ ಬಿಸಿನೀರು ಹಾಕ್ಕೊಂಡು ಓದೋರು. ಮೇಡಂ ಕೊಟ್ಟ ವಾಕ್ಯ ಮುಗಿದ ಮೇಲೆ ತಮ್ಮದೂ ಸೇರಿಸಿದರು. ಟೊಮೆಟೊ ಹರಾಜು ಕೂಗಿದರು. ನನ್ನ ಮಗಳನ್ನ ಗದರಿಸಿದರು. ನಿನ್ನ ಹೆಸರು ಹಿಡಿದು ‘ಎಲ್ಲಿ ಸತ್ತೆಯೋ’ ಅಂತ ಕೂಗಿದರು, ಮಹಡಿ ಮೇಲಿದ್ದ ನಾನು ನೀನೇ ಬಂದೆಯೇನೋ ಅಂತ ಕೆಳಗೆ ಓಡಿ ಬಂದೆ. ಅಮ್ಮನನ್ನ ಕರೆಯೋದಂತೂ, ‘ಇವಳೇ, ಕೇಳಿಸ್ತಾ’ ಅನ್ನೋದನ್ನ, ಬೇರೆ ಬೇರೆ ಥರ ಹೇಳಿಟ್ಟರು. ಸಿಟ್ಟಿನದು ಒಂದು, ಹಸಿವಿನದು ಒಂದು, ಸುಮ್ಮನೆ ಕರೆಯೋದು ಒಂದು. ಅಮ್ಮ ನಾಚಿಕೊಂಡು, ವಯಸ್ಸಾಯ್ತು, ಹುಡುಗಾಟಕ್ಕೇನೂ ಕಮ್ಮಿ ಇಲ್ಲ ಅಂತ ಬೈದಳು. ಬೈದರೂ ಬಾಗಿಲ ಹತ್ತಿರ ನಿಂತು ಕೇಳ್ತಿದ್ದಳು.

ಆ ಹಳೇ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಜಾಗ ಇಲ್ಲ ಅಂತ ರೆಕಾರ್ಡೆಲ್ಲ ನೇರ ನಿನ್ನ ಡ್ರೈವಿಗೇ ಹೋಗ್ತಿತ್ತು. ಹೋದ ರಜೆಗೆ ಬಂದಾಗ ನೀನು ಹಾರ್ಡ್ ಡಿಸ್ಕ್ ತಂದು ರೌಟರ್ ಬೆನ್ನಿಗೆ ಸಿಕ್ಕಿಸಿ, ಮನೆಯವರೆಲ್ಲ ಎಲ್ಲಿಂದ ಬೇಕಾದರೂ ತೆಗೀಬಹುದು ಇಡಬಹುದು ಅಂತ ಮಾಡಿಕೊಟ್ಟೆಯಲ್ಲ, ಅಪ್ಪ ಅದನ್ನ ಮಾರ್ಕೆಟ್ಟಲ್ಲಿ ಹೇಳಿಕೊಳ್ಳದ ದಿನ ಇಲ್ಲ. ನಿನ್ನ ಎದುರಿಗೆ ಹೇಳಲ್ಲ, ಅದು ಬೇರೆ ಮಾತು. ನೀನು ಕೈ ಹಾಕಿದ ಕೆಲಸ ಅರ್ಧಕ್ಕೆ ನಿಲ್ಲದೆ ಮುಗಿದದ್ದು ಇದೊಂದೇ ಅಂತ ನನ್ನ ಹತ್ತಿರ ಅಂದರು. ಅವರ ಬಾಯಲ್ಲಿ ಅದು ಸನ್ಮಾನ ಕಣೋ.

ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಮೇಡಂ ರೆಕಾರ್ಡ್ ತನ್ನಿ ಅಂದರು. ಡ್ರೈವ್ ತೆಗೆಯೋಕೆ ಹೋದರೆ ‘ನೆಟ್‌ವರ್ಕ್ ಹಾದಿ ಸಿಗುತ್ತಿಲ್ಲ’ ಅಂತ ಬಂತು. ಅಲ್ಲಿಂದ ಶುರು ನನ್ನ ಕರ್ಮ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ಒಬ್ಬ ರೌಟರ್ ಆಫ್ ಮಾಡಿ ಆನ್ ಮಾಡಿ ಅಂದ, ಇನ್ನೊಬ್ಬ ಆನ್ ಮಾಡೋಕೆ ಮುಂಚೆ ಆಫ್ ಮಾಡಿ ಅಂದ, ಅಳಿಯ ಅಲ್ಲ ಮಗಳ ಗಂಡ ಅನ್ನೋ ಹಾಗೆ. ಮೂರನೆಯವನು ಕೇಬಲ್ ಬದಲಾಯಿಸಿ ಅಂದ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಅಷ್ಟರಲ್ಲಿ ನೀನು ಬಂದರಿನಿಂದ ಫೋನ್ ಮಾಡಿದೆಯಲ್ಲ, ನಿನಗೆ ಗೊತ್ತಿರೋದು ಅಲ್ಲಿವರೆಗೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿ ರೌಟರಿನ ಹಳೇ ಪದ್ಧತಿಯನ್ನ ಬೇಡ ಅಂತಿರಬಹುದು, ಸೆಟ್ಟಿಂಗಲ್ಲಿ ಅದಕ್ಕೆ ಮತ್ತೆ ಟಿಕ್ ಹಾಕು, ಹೆಸರಿನ ಬದಲು ಎರಡು ಓರೆಗೆರೆ ಹಾಕಿ ರೌಟರಿನ ನಂಬರನ್ನೇ ಹೊಡಿ, ಪಾಸ್‌ವರ್ಡ್ ಇಂಥದ್ದು ಅಂತ ನೀನು ಹೇಳ್ತಾ ಹೇಳ್ತಾ ಲೈನ್ ಕಟ್ ಆಯ್ತು. ಹಡಗು ಹೊರಟಿತು.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ದಿನವಿಡೀ ಜನರ ಕೈಯಲ್ಲಿ ನರ ಹುಡುಕೋಳಿಗೆ ಇದೇನು ಮಹಾ ಅಂತ ಕೂತೆ. ಟಿಕ್ ಹಾಕಿ ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ನೀನು ಕೊಟ್ಟ ನಂಬರು ಹಳೇ ರೌಟರಿನದು, ನಡೆಯಲಿಲ್ಲ. ನೀನು ಹೋದ ಮೇಲೆ ಬಂದ ಹೊಸದರ ಹೊಟ್ಟೆ ಕೆಳಗೆ ಅಂಟಿಸಿದ ಚೀಟಿಯಲ್ಲಿ ಬೇರೆ ನಂಬರಿತ್ತು, ಅದು ಹೊಡೆದೆ. ತಗೋ, ಹೆಸರು ಪಾಸ್‌ವರ್ಡ್ ಕೇಳಿತು! ಅಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು. ಅಪ್ಪ ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತರು. ಎರಡು ಸಲ ತಪ್ಪು ಅಂದು ಮೂರನೇ ಸಲ ಒಳಗೆ ಬಿಟ್ಟಿತು. ಅಮ್ಮ ಚಪ್ಪಾಳೆ ತಟ್ಟಿದಳು ಕಣೋ, ಚಿಕ್ಕ ಮಕ್ಕಳ ಹಾಗೆ. ಒಳಗೆ ನೋಡಿದರೆ ಡ್ರೈವ್ ಅನ್ನೋ ಹೆಸರಿದೆ, ಅದರಡಿ ಏನೂ ಇಲ್ಲ.

ಸರಿ, ರೌಟರಿನ ದೋಷ ಇರಬೇಕು ಅಂತ ಡಿಸ್ಕನ್ನ ಅಲ್ಲಿಂದ ಬಿಚ್ಚಿ ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಈ ಡಿಸ್ಕ್ ಓದಲಾಗದು, ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಅಮ್ಮ ಹಿಂದಿನಿಂದ, ಪಾಪ ಕೇಳ್ತಿದೆಯಲ್ಲ, ಹೌದು ಅನ್ನು ಅಂದಳು. ನನ್ನ ಬೆರಳು ಹೋಗೇಬಿಟ್ಟಿತ್ತು. ಅಪ್ಪ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು, ಬೇಡ ಬೇಡ ಅಂತ ತಲೆ ಆಡಿಸಿದರು. ಅವರಿಗೆ ಅದರ ಅರ್ಥ ಗೊತ್ತಿತ್ತೋ, ಬರೀ ಭಯವೋ, ನನಗೆ ಗೊತ್ತಿಲ್ಲ. ಮಾರನೇ ದಿನ ನಾನೂ ಅಪ್ಪನೂ ಡಿಸ್ಕನ್ನ ಟವೆಲಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದೆವು.

ರಿಪೇರಿಯವನು ಒಂದು ವಾರ ಇಟ್ಕೊಂಡ. ಹಳೇ ಫೋಟೋಗಳೆಲ್ಲ ಬಂದವು. ನನ್ನ ಮದುವೆ ಬಂತು, ಮಗಳ ತೊಟ್ಟಿಲು ಬಂತು, ನಿನ್ನ ಆ ದರಿದ್ರ ಬೈಕಿನ ಫೋಟೋ ಒಂದೂ ಬಿಡದೆ ಬಂದವು. ಅಪ್ಪನ ರೆಕಾರ್ಡ್ ಬರಲಿಲ್ಲ. ಚೂರು ಚೂರು ಸಿಕ್ಕಿದೆ, ಹಚ್ಚಿದರೆ ಕರಕರ ಸದ್ದು. ಒಂದೇ ಒಂದರಲ್ಲಿ ಅಪ್ಪ ಕೆಮ್ಮಿ, ಇದು ಆಗ್ತಿದೆಯಾ ಅಂತ ಕೇಳೋದಿದೆ. ಅಷ್ಟೇ. ಮೇಡಂಗೆ ತೋರಿಸಿದೆ, ಇದರಿಂದ ಏನೂ ಮಾಡೋಕಾಗಲ್ಲ ಅಂದರು. ಬೇರೆ ಕಡೆ ಎಲ್ಲಾದರೂ ಇರಬಹುದಾ ಅಂತ ಕೇಳಿದರು. ಎಲ್ಲಿರುತ್ತೆ? ಫೋನಿನ ಸಂದೇಶಗಳೆಲ್ಲ ‘ಹೂಂ, ಬರ್ತೀನಿ, ಇಡು’ ಅಷ್ಟೇ. ಮಾರ್ಕೆಟ್ಟಿನವರನ್ನ ಕೇಳಿದೆ, ಯಾರ ಹತ್ತಿರವೂ ಇಲ್ಲ. ಎಂದಾದರೂ ಹೋಗಿಬಿಡುತ್ತೆ ಅಂತ ಯಾರು ಅಂದ್ಕೊಂಡಿದ್ದರು ಆ ಗಂಟಲು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈಗ ಕೇಳು. ನಾನೂ ಅಪ್ಪನೂ ಡಿಸ್ಕ್ ವಾಪಸ್ ತರೋಕೆ ಹೋದಾಗ ರಿಪೇರಿಯವನು ಕೇಳಿದ, ನಿಮ್ಮ ಕಡೆ ಕರೆಂಟು ತುಂಬ ಹೋಗುತ್ತಾ ಅಂತ. ಇಲ್ಲವಲ್ಲ ಅಂದೆ. ಡಿಸ್ಕಿಗೆ ರೆಕಾರ್ಡ್ ಬರೀತಾ ಇರೋವಾಗಲೇ ಕರೆಂಟು ಹೋಗಿದೆ, ಒಂದು ಸಲ ಅಲ್ಲ, ಸುಮಾರು ಸಲ, ಅದಕ್ಕೇ ಹೀಗಾಗಿದೆ ಅಂದ. ಅಪ್ಪನ ಮುಖ ನೋಡಿದೆ, ಅವರೂ ನನ್ನನ್ನೇ ನೋಡ್ತಿದ್ದರು. ನೀನು ಡ್ರೈವ್ ಹಾಕಿದ ದಿನವೇ ರೌಟರಿನ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಅಮ್ಮನ ಕೈ ಹಿಡಿದು ತೋರಿಸಿ, ಇದನ್ನ ಮಾತ್ರ ಆರಿಸಬೇಡ ಅಂದಿದ್ದೆ. ಪಕ್ಕದ ಬಟ್ಟೆ ಅಂಗಡಿ ಇಸ್ತ್ರಿಪೆಟ್ಟಿಗೆಯಿಂದ ಸುಟ್ಟು ಬೂದಿ ಆದ ವರ್ಷದಿಂದ ಅವಳು ಎಲ್ಲ ಸ್ವಿಚ್ಚೂ ಆರಿಸದೆ ಮಲಗೋಳಲ್ಲ ಅಂತ ನಿನಗೆ ಗೊತ್ತು. ಆದರೆ ಹಳೇ ರೌಟರ್ ಕೆಟ್ಟು ಹೊಸದು ಬಂತಲ್ಲ, ಅದರ ದಪ್ಪ ಪ್ಲಗ್ಗು ಹಳೇ ಜಾಗದಲ್ಲಿ ಕೂರಲಿಲ್ಲ. ಕಂಪನಿಯವನು ಅದನ್ನ ತಂದು ಅಮ್ಮನ ಹೊಲಿಗೆ ಮಿಷನ್ ಪಕ್ಕದ ಬೋರ್ಡಿಗೆ ಹಾಕಿ, ಡಿಸ್ಕನ್ನೂ ಸಿಕ್ಕಿಸಿ ಹೋದ. ಅಲ್ಲಿ ಇಸ್ತ್ರಿಪೆಟ್ಟಿಗೆ, ಮಿಷನ್ನು, ದೀಪ, ರೌಟರ್ ಸಾಲಾಗಿ. ಅಮ್ಮ ಮಲಗೋ ಮುಂಚೆ ಆ ಸಾಲಿನ ಮೇಲೆ ಒಂದೇ ಸಲ ಅಂಗೈ ಸವರಿ ಎಲ್ಲ ಆರಿಸಿಬಿಡೋಳು. ಬೆಳಗ್ಗೆ ಹಾಗೇ ಸವರಿ ಹಚ್ಚೋಳು. ನಮ್ಮ ಫೋನುಗಳಲ್ಲಿ ಸ್ವಂತ ಇಂಟರ್ನೆಟ್ಟು, ನಮಗೆ ಗೊತ್ತಾಗೋದಾದರೂ ಹೇಗೆ? ಅಪ್ಪ ಓದಿ ಮುಗಿಸಿ ಸೇವ್ ಒತ್ತಿ, ಅದು ನಿಧಾನ ತಿರುಗ್ತಾ ಇರೋವಾಗಲೇ ಗಂಟಲು ಹಿಡ್ಕೊಂಡು ಹೋಗಿ ಮಲಗೋರು. ಹಿಂದೆಯೇ ಅಮ್ಮ.

ಮನೆಗೆ ಬಂದು ಹಳೇ ಬೋರ್ಡು ನೋಡಿದೆ. ನಿನ್ನ ಟೇಪು ಹಾಗೇ ಇದೆ. ಸ್ವಿಚ್ಚು ಹಚ್ಚಿದ ಹಾಗೇ ಇದೆ. ಅದರ ಸಾಕೆಟ್ಟಲ್ಲಿ ಏನೂ ಇಲ್ಲ. ಇಷ್ಟು ತಿಂಗಳು ಅದರ ಸುತ್ತ ಧೂಳು ಒರೆಸಿದ್ದಾಳೆ, ಆ ಸ್ವಿಚ್ಚನ್ನ ಮಾತ್ರ ಮುಟ್ಟಿಲ್ಲ. ಮಗ ಹೇಳಿದ್ದಾನೆ ಅಂತ. ನನಗೆ ಕಂಪನಿಯವನ ಮೇಲೆ ಸಿಟ್ಟು, ನಿನ್ನ ಟೇಪಿನ ಮೇಲೆ ಸಿಟ್ಟು, ಯಾರ ಮೇಲೆ ಅಂತ ಸಿಟ್ಟು ಮಾಡ್ಕೊಳ್ಳಲಿ ಹೇಳು. ಅಮ್ಮನಿಗೆ ಮಾತ್ರ ಡಿಸ್ಕ್ ಕೆಟ್ಟಿತು ಅಂತಷ್ಟೇ ಹೇಳಿದ್ದೀನಿ.

ಈಗ ಆಸ್ಪತ್ರೆಯವರು ಯಂತ್ರ ಕೊಟ್ಟಿದ್ದಾರೆ, ಅದರಲ್ಲಿ ಮೊದಲೇ ಹಾಕಿಟ್ಟಿರೋ ದನಿಯೇ. ಯಾರೋ ವಾರ್ತೆ ಓದೋ ಹುಡುಗನದಿರಬೇಕು, ನುಣ್ಣಗಿದೆ. ಮೊದಲ ದಿನ ಅಪ್ಪ ಕೂತು ಅಕ್ಷರ ಅಕ್ಷರ ಹುಡುಕಿ ‘ಇವಳೇ, ಕೇಳಿಸ್ತಾ’ ಅಂತ ಟೈಪ್ ಮಾಡಿ ಒತ್ತಿದರು. ಅಡುಗೆಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಯಾರು ಬಂದಿದ್ದಾರೆ ಅಂದಳು. ಬಾಗಿಲ ಕಡೆ ನೋಡಿದಳು. ಆಮೇಲೆ ಅರ್ಥ ಆಯ್ತು ಅವಳಿಗೆ. ಚೆನ್ನಾಗಿದೆ ರೀ, ಸ್ಪಷ್ಟವಾಗಿದೆ ಅಂದು ಒಳಗೆ ಹೋದಳು. ಅಪ್ಪ ಯಂತ್ರ ಮುಚ್ಚಿ ಬೀರುವಿನ ಮೇಲಿಟ್ಟರು. ಮತ್ತೆ ನನ್ನ ಮಗಳ ಸ್ಲೇಟನ್ನೇ ಹಿಡಿದಿದ್ದಾರೆ, ಬೇಕಾದ್ದನ್ನ ಅದರಲ್ಲಿ ಬರೀತಾರೆ. ಅಮ್ಮನನ್ನ ಕರೆಯೋಕೆ ಮಂಚದ ಕಂಬಿ ಬಡೀತಾರೆ. ಅಡುಗೆಮನೆಯಲ್ಲಿ ನೀರು ಬಿಟ್ಟಿದ್ದರೆ ಅವಳಿಗೆ ಅದು ಕೇಳಿಸಲ್ಲ.

ಬಿಡುವು ಮುಗೀತಾ ಬಂತು, ಹೊರಗೆ ಜನ ತೋಳು ಮಡಚಿ ಕೂತಿದ್ದಾರೆ. ಮೈ ಕಡೆ ನೋಡ್ಕೋ. ಬಿಸಿ ಪೈಪಿನ ಹತ್ತಿರ ಉದ್ದ ತೋಳಿನ ಅಂಗಿ ಹಾಕ್ಕೋ. ಅಪ್ಪ ಅಮ್ಮನ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ, ನಾನು ಬೇರೆ ಬರೆಯಬೇಕಿಲ್ಲ. ನಿನ್ನ ಭಾವ ಕೇಳಿದರು ಅಂತ ತಿಳ್ಕೋ. ನಿನ್ನ ಸೊಸೆಯ ಕಡೆಯಿಂದ ಹಲ್ಲಿಲ್ಲದ ಮುತ್ತು. ನೂರು ಕಾಲ ಚೆನ್ನಾಗಿರು ಮರೀ.

ಇಂತಿ ನಿನ್ನ,
ಅಕ್ಕ

ತಾ.ಕ.: ಲಕೋಟೆ ಮೇಲೆ ಕೆಂಪಕ್ಷರದಲ್ಲಿ ‘ಮೊದಲು ಓದು, ಆಮೇಲೆ ಫೋನ್ ಎತ್ತು’ ಅಂತ ಬರೆದದ್ದು ಇದಕ್ಕೇ. ಹಡಗು ದಡಕ್ಕೆ ಬಂದ ದಿನವೇ ಅಮ್ಮ ಫೋನ್ ಮಾಡ್ತಾಳೆ. ನಿನ್ನೆ ಗುಂಡಿ ಹೊಲೀತಾ ಹೊಲೀತಾ ತಲೆ ಎತ್ತದೆ ಕೇಳಿದಳು, ನಾನು ದಿನಾ ಆರಿಸ್ತಿದ್ದೆನಲ್ಲ, ಅದರಿಂದ ಏನಾದರೂ ಆಯ್ತೇನೇ ಅಂತ. ಛೇ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂದೆ. ನಂಬಲಿಲ್ಲ. ಅವನನ್ನ ಕೇಳ್ತೀನಿ ಅಂದಳು. ಯಂತ್ರದ ವಿಷಯಕ್ಕೆ ಅವಳು ನಂಬೋದು ನಿನ್ನೊಬ್ಬನನ್ನೇ. ನೀನು ಹೇಳಬೇಕಾದ್ದು ಇಷ್ಟು: ನಾನೇ ಅಗ್ಗದ ಡಿಸ್ಕ್ ತಂದಿದ್ದೆ, ನಾನೇ ಸರಿಯಾಗಿ ಹಾಕಿರಲಿಲ್ಲ, ಸ್ವಿಚ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಟೇಪಿನ ಮಾತು ಎತ್ತಲೇಬೇಡ. ಇದು ನನ್ನ ಉಪಾಯ ಅಲ್ಲ. ರಿಪೇರಿ ಅಂಗಡಿಯಿಂದ ಬರೋವಾಗ ಬಸ್‌ಸ್ಟಾಪಿನಲ್ಲಿ ಅಪ್ಪ ಸ್ಲೇಟ್ ತೆಗೆದು ‘ಅವಳಿಗೆ ಹೇಳಬೇಡ, ಅವನ ಮೇಲೆ ಹಾಕು’ ಅಂತ ಬರೆದರು. ನನಗೆ ರೇಗಿತು, ಜನರ ಎದುರೇ ಜಗಳಾಡಿದೆ, ಯಾವಾಗಲೂ ಅವನೇ ಸಿಗಬೇಕಾ ನಿಮಗೆ ಅಂತ. ಅಪ್ಪ ಒರೆಸಿ ಮತ್ತೆ ಬರೆದರು: ‘ಅವನನ್ನ ಅವಳು ಕ್ಷಮಿಸ್ತಾಳೆ. ತನ್ನನ್ನ ಕ್ಷಮಿಸಿಕೊಳ್ಳಲ್ಲ.’ ಅಂಗಿಯ ತೋಳಿನಿಂದ ಅದನ್ನೂ ಒರೆಸಿಬಿಟ್ಟರು. ಆದ್ದರಿಂದ ತಪ್ಪಾಯ್ತಮ್ಮಾ ಅಂತ ಒಂದು ಸಲ ಹೇಳು, ಉಳಿದದ್ದು ಅವಳೇ ಬೈತಾಳೆ. ಬಾಯಿಗೆ ಬಂದದ್ದು ಬೈತಾಳೆ, ಅಳ್ತಾಳೆ, ಬೈಸ್ಕೋ. ಅವಳು ಯಾವಾಗಲೂ ಸ್ಪೀಕರ್ ಹಾಕ್ಕೊಂಡೇ ಮಾತಾಡೋದು. ಅಪ್ಪ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ತಿರ್ತಾರೆ, ನಿನ್ನ ಪರವಾಗಿ ಒಂದು ಮಾತೂ ಆಡೋಕಾಗಲ್ಲ.